ತಂತಿ ಉಂಟಲ್ಲ ಅಕ್ಕಾ!

ಉಳ್ಳಾಲದಲ್ಲಿ ಒಂದು ಕಡೆ ಕಡಲು. ಇನ್ನೊಂದು ಕಡೆ ನೇತ್ರಾವತಿ ನದಿ. ನಡುವೆ ಒತ್ತೊತ್ತಾಗಿ ಮನೆಗಳು, ಮರಗಳು. ಮಳೆಗಾಲದ ಗಾಳಿಗೆ ಮರ ವಾಲುತ್ತದೆ. ಆಗ ಮರ ಕಡಿಯುವವರು ಬೇಕು.

ಅವರು ಬಂದ ಕೂಡಲೇ ಕಡಿಯುವುದಿಲ್ಲ. ಹಲಸಿನ ಮರಕ್ಕೆ ಒಂದು ಸುತ್ತು ಬರುತ್ತಾರೆ. ತಲೆ ಎತ್ತಿ ನೋಡುತ್ತಾರೆ.

"ತಂತಿ ಉಂಟಲ್ಲ ಅಕ್ಕಾ! ಮೆಸ್ಕಾಂಗೆ ಹೇಳಿದ್ದೀರಾ?"

"ಇಲ್ಲ ಅಣ್ಣಾ. ಒಂದು ಗೆಲ್ಲು ಮಾತ್ರ ಅಲ್ಲವಾ ತಾಗುವುದು?"

"ಜೀವ ಹೋಗಲಿಕ್ಕೆ ಒಂದೇ ಸಾಕು. ಹಸಿ ಮರದಲ್ಲಿ ಕರೆಂಟು ಹರಿಯುತ್ತದೆ. 1912ಕ್ಕೆ ಫೋನ್ ಮಾಡಿ. ಲೈನ್‌ಮನ್ ಬಂದು ಕರೆಂಟು ತೆಗೆಯಲಿ. ಅರಣ್ಯ ಇಲಾಖೆಯಲ್ಲೂ ಕೇಳಿ. 1976ರ ಕಾಯ್ದೆ ಉಂಟು. ತೆಂಗಿಗೆ ಅನುಮತಿ ಬೇಡ. ಬೇರೆ ಹಲವು ಮರಗಳನ್ನು ಕೇಳಿಯೇ ಕಡಿಯಬೇಕು."

ಬಯಲಿನ ಮರವಾದರೆ ಬುಡಕ್ಕೇ ಗರಗಸ. ಬೀಳಬೇಕಾದ ಕಡೆ ಮೊದಲು ಕಚ್ಚು ಮಾಡುತ್ತಾರೆ. ಆಮೇಲೆ ಹಿಂದಿನಿಂದ ಕೊಯ್ಯುತ್ತಾರೆ. ಪೂರ್ತಿ ಕೊಯ್ಯುವುದಿಲ್ಲ. ನಡುವೆ ಒಂದು ಪಟ್ಟಿ ಉಳಿಸುತ್ತಾರೆ. ಬಾಗಿಲಿಗೆ ಬಿಜಾಗರಿ ಇದ್ದ ಹಾಗೆ ಅದು. ಮರ ಅತ್ತಿತ್ತ ಹೊರಳದೆ ಕಚ್ಚಿನ ಕಡೆಗೆ ಬೀಳುತ್ತದೆ.

ಮನೆಯಂಗಳದಲ್ಲಿ ಇದು ನಡೆಯದು. ಸೊಂಟಕ್ಕೆ ಹಗ್ಗ ಕಟ್ಟಿ ಒಬ್ಬರು ಹತ್ತುತ್ತಾರೆ. ಮೇಲಿನಿಂದ ತುಂಡು ತುಂಡಾಗಿ ಕಡಿದು ಹಗ್ಗದಲ್ಲಿ ಇಳಿಸುತ್ತಾರೆ. ದೊಡ್ಡ ತುಂಡಿಗೆ ಕ್ರೇನ್ ಬೇಕು. ಮೊದಲು ಕ್ರೇನ್ ತುಂಡನ್ನು ಹಿಡಿಯಬೇಕು. ಕೊಯ್ಯುವುದು ಆಮೇಲೆ. ಕ್ರೇನಿನ ಕಾಲಿನಡಿ ದಪ್ಪ ಹಲಗೆ ಇಡುತ್ತಾರೆ. ಇಲ್ಲಿಯದು ಹೊಯಿಗೆ ನೆಲ. ಕಾಲು ಹೂತರೆ ಕ್ರೇನೇ ಮಗುಚೀತು!

ಜೆಸಿಬಿಯಲ್ಲಿ ಮರ ದೂಡಿಸಿದರೆ ಕೆಲಸ ಬೇಗ, ನಿಜ. ಆದರೆ ಮರ ಯಾರ ಮಾಡಿನ ಮೇಲೆ ಬೀಳುತ್ತದೋ! ಮರ ಇಳಿದ ಮೇಲೆ ಬುಡ ಕೀಳಲು ಜೆಸಿಬಿ ಸರಿ.

ಓದಿರಿ, ಬರೆಯಿರಿ: ನಿಮ್ಮ ಮನೆಯ ಹತ್ತಿರ ಯಾವ ಮರಕ್ಕೆ ತಂತಿ ತಾಗುತ್ತದೆ?