ಮಗುವಿನ ಎದೆಯೊಳಗಿನ ಕಾವಲು

ಮಗುವಿಗೆ ಕೆಮ್ಮು, ನೆಗಡಿ ಬರುತ್ತದೆ. ನಾಲ್ಕು ದಿನಕ್ಕೆ ಹೋಗುತ್ತದೆ. ಇದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಕೆಲವು ಸಲ ರೋಗ ಎದೆಗೆ ಇಳಿಯುತ್ತದೆ. ಉಸಿರು ಜೋರಾಗುತ್ತದೆ. ಪಕ್ಕೆ ಎಳೆಯುತ್ತದೆ. ಇದು ನ್ಯುಮೋನಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳ ಜೀವ ತೆಗೆಯುವ ದೊಡ್ಡ ರೋಗಗಳಲ್ಲಿ ಇದೂ ಒಂದು.

ಆಗ ಎದೆಯೊಳಗೆ ಏನು ನಡೆಯುತ್ತದೆ? ಬನ್ನಿ, ತಿಳಿಯೋಣ.

ನಮ್ಮ ಎದೆಯಲ್ಲಿ ಎರಡು ಶ್ವಾಸಕೋಶಗಳಿವೆ. ಅವುಗಳ ತುಂಬ ಬಹಳ ಸಣ್ಣ ಗಾಳಿಚೀಲಗಳಿವೆ. ಉಸಿರು ಎಳೆದಾಗ ಗಾಳಿ ಈ ಚೀಲಗಳಿಗೆ ಬರುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಈ ಚೀಲಗಳಲ್ಲಿ ಕಾವಲು ಕಣಗಳೂ ಇವೆ. ಧೂಳು, ರೋಗಾಣು ಬಂದರೆ ನುಂಗಿ ಹಾಕುತ್ತವೆ.

ರೋಗಾಣು ಹೆಚ್ಚಾದರೆ ಈ ಕಾವಲು ಸಾಲದು. ಆಗ ರಕ್ತದಲ್ಲಿರುವ ಬಿಳಿ ಕಣಗಳಿಗೆ ಕರೆ ಹೋಗುತ್ತದೆ. ಬಣವೆಗೆ ಬೆಂಕಿ ಬಿದ್ದಾಗ ಊರ ಜನ ಕೊಡ ಹಿಡಿದು ಓಡಿ ಬರೋ ಹಾಗೆ ಅವು ಬರುತ್ತವೆ. ರೋಗಾಣುವನ್ನು ಕೊಲ್ಲುತ್ತವೆ. ತಾವೂ ಸಾಯುತ್ತವೆ. ಸತ್ತ ಕಣಗಳು, ರಕ್ತದಿಂದ ಜಿನುಗಿದ ನೀರು ಸೇರಿ ಕೀವಾಗುತ್ತದೆ. ಗಾಳಿ ಇರಬೇಕಾದ ಚೀಲದಲ್ಲಿ ಕೀವು ತುಂಬುತ್ತದೆ. ಆಮ್ಲಜನಕ ರಕ್ತಕ್ಕೆ ಸೇರುವುದು ಕಷ್ಟವಾಗುತ್ತದೆ. ಅದಕ್ಕೇ ಮಗು ಬೇಗ ಬೇಗ ಉಸಿರಾಡುತ್ತದೆ. ನೋಡಿ, ಮಗುವನ್ನು ಕಾಯುವ ಹೋರಾಟವೇ ಅದರ ಉಸಿರಿಗೆ ಅಡ್ಡ ಬರುತ್ತದೆ.

"ಹಂಗಾದ್ರೆ ಜ್ವರ ಯಾಕೆ ಬರ್ತದೆ ಮೇಷ್ಟ್ರೇ?" ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಜ್ಜಿ ಕೇಳಿದರು. ಒಳ್ಳೇ ಪ್ರಶ್ನೆ. ಜ್ವರವೂ ಈ ಹೋರಾಟದ ಭಾಗ. ಎದೆಯಿಂದ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಮಿದುಳು ಮೈಯ ಬಿಸಿ ಏರಿಸುತ್ತದೆ. ಆದರೆ ತೀರ ಸೊರಗಿದ ಮಗುವಿಗೆ ಈ ಶಕ್ತಿಯೂ ಇರುವುದಿಲ್ಲ. ಅಂಥ ಮಗುವಿಗೆ ನ್ಯುಮೋನಿಯಾ ಇದ್ದರೂ ಜ್ವರ ಬಾರದೆ ಇರಬಹುದು. ಮೈ ಸುಡ್ತಿಲ್ಲ ಅಂತ ಸುಮ್ಮನಿರಬಾರದು.

ದೊಡ್ಡವರ ಮೈ ಎಷ್ಟೋ ರೋಗಾಣುಗಳನ್ನು ಕಂಡಿರುತ್ತದೆ. ಅವುಗಳ ಗುರುತು ಇಟ್ಟುಕೊಂಡಿರುತ್ತದೆ. ರೋಗಾಣುವಿಗೆ ಅಂಟಿಕೊಂಡು "ಇವನೇ ಕಳ್ಳ" ಅಂತ ತೋರಿಸಿಕೊಡುವ ವಸ್ತುವಿಗೆ ಪ್ರತಿಕಾಯ ಎನ್ನುತ್ತಾರೆ. ಮಗುವಿನ ಮೈಗೆ ಎಲ್ಲ ರೋಗಾಣುವೂ ಹೊಸದು. ತಾಯಿಯ ಹೊಟ್ಟೆಯಲ್ಲಿದ್ದಾಗ ಪಡೆದ ಪ್ರತಿಕಾಯಗಳು ಕೆಲವು ತಿಂಗಳಷ್ಟೇ ಉಳಿಯುತ್ತವೆ. ಎದೆಹಾಲಿನಲ್ಲೂ ಪ್ರತಿಕಾಯ ಇವೆ. ಹೆರಿಗೆಯಾದ ಮೇಲೆ ಬರುವ ಹಳದಿ ಹಾಲಿನಲ್ಲಿ ಬಹಳ ಇವೆ. ಅದನ್ನು ಹಿಂಡಿ ಚೆಲ್ಲುವವರು ಈಗಲೂ ಇದ್ದಾರಲ್ಲ, ನಮಗೆ ಅದೇ ಬೇಸರ.

ನ್ಯುಮೋಕಾಕಸ್ ಎಂಬ ರೋಗಾಣು ಬಹಳ ಚಾಲಾಕಿ. ಅದು ಸಕ್ಕರೆ ಜಾತಿಯ ವಸ್ತುವಿನ ಕಂಬಳಿ ಹೊದ್ದು ಬರುತ್ತದೆ. ಎರಡು ವರ್ಷದೊಳಗಿನ ಮಗುವಿನ ಮೈಗೆ ಈ ಕಂಬಳಿಯ ಗುರುತು ಸರಿಯಾಗಿ ಹತ್ತುವುದಿಲ್ಲ. ಅದಕ್ಕೆ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಕಂಬಳಿಯ ಚೂರನ್ನು ಒಂದು ಪ್ರೋಟೀನಿಗೆ ಕಟ್ಟಿ ಲಸಿಕೆ ಮಾಡಿದರು. ಪ್ರೋಟೀನಿನ ಗುರುತು ಮಗುವಿನ ಮೈಗೆ ಹತ್ತುತ್ತದೆ. ಅದರ ಜೊತೆಗೆ ಕಂಬಳಿಯ ಗುರುತೂ ಹತ್ತುತ್ತದೆ. ಇದೇ ಪಿಸಿವಿ ಲಸಿಕೆ. ನಮ್ಮ ದೇಶದ ಲಸಿಕೆ ಕಾರ್ಯಕ್ರಮಕ್ಕೆ 2017ರಲ್ಲಿ ಸೇರಿತು. 2021ರಲ್ಲಿ ಎಲ್ಲ ರಾಜ್ಯಗಳಿಗೂ ಬಂತು. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, 9 ತಿಂಗಳಿಗೆ ಹಾಕಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ.

ಹೋರಾಟದಲ್ಲಿ ಮಗು ಸೋಲುತ್ತಿದೆ ಎಂದು ತಿಳಿಯುವುದು ಹೇಗೆ? ಉಸಿರು ಎಣಿಸಿ. ಮಗು ಅಳಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲೆತ್ತಿ. ಹೊಟ್ಟೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿ ಪೂರಾ ಒಂದು ನಿಮಿಷ ಎಣಿಸಿ.

2 ತಿಂಗಳೊಳಗಿನ ಮಗು: 60 ಅಥವಾ ಹೆಚ್ಚು.
2 ತಿಂಗಳಿಂದ 1 ವರ್ಷದೊಳಗೆ: 50 ಅಥವಾ ಹೆಚ್ಚು.
1 ವರ್ಷದಿಂದ 5 ವರ್ಷದೊಳಗೆ: 40 ಅಥವಾ ಹೆಚ್ಚು.

ಇಷ್ಟು ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋದರೆ, ಮಗು ಹಾಲು ಬಿಟ್ಟರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಕೆಲವು ಊರುಗಳಲ್ಲಿ ಹೊಟ್ಟೆಗೆ ಬರೆ ಹಾಕುತ್ತಾರೆ. ಬರೆಯ ಬಿಸಿ ಗಾಳಿಚೀಲಕ್ಕೆ ಮುಟ್ಟುವುದಿಲ್ಲ. ಮಗುವಿಗೆ ಒಂದು ಗಾಯ ಹೆಚ್ಚಾಗುತ್ತದೆ, ಅಷ್ಟೇ. ಡಾಕ್ಟರು ಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನವೂ ಕೊಡಿ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಬೇಡಿ. ಒಳಗೆ ರೋಗಾಣು ಇನ್ನೂ ಉಳಿದಿರಬಹುದು.

ಅಭ್ಯಾಸ

1. ನಿಮ್ಮ ಮನೆಯ ಮಗು ಮಲಗಿದ್ದಾಗ ಉಸಿರು ಎಣಿಸಿ. ಎಷ್ಟು ಬಂತು? ಬರೆಯಿರಿ: ........
2. ತಾಯಿ ಕಾರ್ಡ್ ತೆಗೆಯಿರಿ. ಪಿಸಿವಿ ಹಾಕಿಸಿದ ತಾರೀಖುಗಳನ್ನು ನೀವೇ ಓದಿ. ಯಾವುದಾದರೂ ಜಾಗ ಖಾಲಿ ಇದ್ದರೆ ಆಶಾ ಅಕ್ಕನಿಗೆ ತೋರಿಸಿ.