ಹಿಸ್ಟರಿ ತೆಗೆಯುವ ಮುನ್ನ ಓದಿ

ಮೆಡಿಸಿನ್ ವಾರ್ಡಿಗೆ ಪೋಸ್ಟಿಂಗ್ ಮೇಲೆ ಬರುವ ವಿದ್ಯಾರ್ಥಿಗಳು ಮತ್ತು ಹೌಸ್ ಸರ್ಜನ್ನರ ಗಮನಕ್ಕೆ

ಮಾಡಬೇಕಾದ್ದು

ಸ್ಟೂಲ್ ಎಳೆದುಕೊಂಡು ಕೂತು ರೋಗಿಯನ್ನು ಮಾತಾಡಿಸಿ. ನಿಮ್ಮ ಹೆಸರು ಹೇಳಿ, ಇನ್ನೂ ಕಲಿಯುತ್ತಿದ್ದೇನೆ ಎಂದು ತಿಳಿಸಿ, ಒಪ್ಪಿಗೆ ಕೇಳಿ. ಬೇಡ ಎಂದರೆ ಎದ್ದು ಬನ್ನಿ. ಅವರು ಬಂದಿರುವುದು ಗುಣವಾಗಲು, ನಿಮಗೆ ಪಾಠವಾಗಲು ಅಲ್ಲ.

"ಏನು ತೊಂದರೆ, ಹೇಳಿ" ಎಂದ ಮೇಲೆ ಸುಮ್ಮನಿರಿ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಲೆಕ್ಕ ಹಾಕಿದಾಗ, ವೈದ್ಯರು ಸರಾಸರಿ 18 ಸೆಕೆಂಡಿಗೇ ರೋಗಿಯ ಮಾತಿಗೆ ಅಡ್ಡ ಬಂದಿದ್ದರು. ಮುಖ್ಯವಾದ ಮಾತು ಎಷ್ಟೋ ಸಲ ಕೊನೆಗೆ ಬರುತ್ತದೆ.

ರೋಗಿ ಆಡಿದ ಪದವನ್ನೇ ಮೊದಲು ಬರೆದುಕೊಳ್ಳಿ, ಆಮೇಲೆ ಅರ್ಥ ಹುಡುಕಿ. "ಗ್ಯಾಸ್ಟ್ರಿಕ್ ಸಾರ್" ಎಂದರೆ, ಎಲ್ಲಿ ಅಂತ ಕೈಯಿಟ್ಟು ತೋರಿಸಲು ಹೇಳಿ. ಮುಷ್ಟಿ ಎದೆಯ ನಡುವೆ ಹೋಯಿತೇ? ಬೆವರು ಬಂದಿತ್ತೇ? ಹೌದಾದರೆ ಹಿಸ್ಟರಿ ಅಲ್ಲಿಗೇ ನಿಲ್ಲಿಸಿ, ಇಸಿಜಿ ಮಾಡಿಸಿ, ಪಿಜಿಯನ್ನು ಕರೆಯಿರಿ. ಹೌಸ್ ಸರ್ಜನ್ ಆಗಿದ್ದಾಗ ನಾನು ಆ ಒಂದು ಪದ ನಂಬಿ ಅಸಿಡಿಟಿ ಎಂದು ಬರೆದೆ. ಅದು ಹಾರ್ಟ್ ಅಟ್ಯಾಕ್ ಎಂದು ತಿಳಿದದ್ದು ಮರುದಿನ ಬೆಳಗ್ಗೆ. ಆ ಕೈ ಎಲ್ಲಿತ್ತು ಎಂದು ನಾನು ನೋಡಿರಲೇ ಇಲ್ಲ.

ಕುಡಿತ, ಮುಟ್ಟು, ಬಿಳಿ ಸೆರಗಿನ ವಿಷಯವನ್ನು ಪರದೆ ಎಳೆದು, ಜೊತೆಯವರನ್ನು ಹೊರಗೆ ಕಳಿಸಿ, ಮೆಲ್ಲಗೆ ಕೇಳಿ.

ಮಾಡಬಾರದ್ದು

"ನೋವು ಎಡಗೈಗೆ ಇಳಿಯುತ್ತೆ ಅಲ್ವಾ?" ಎಂದು ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. ಬಿಳಿ ಕೋಟಿನ ಮುಂದೆ ಎಲ್ಲದಕ್ಕೂ "ಹೂಂ" ಎನ್ನುವವರೇ ಹೆಚ್ಚು.

ಏಕವಚನ ಕೂಡದು. ಅಜ್ಜಿಯ ವಯಸ್ಸಿನವರಿಗೆ "ಏನಮ್ಮಾ, ಹೇಳು" ಎನ್ನಬಾರದು. "ಬೆಡ್ 12ರ ಸಿರೋಸಿಸ್" ಎಂದೂ ಕರೆಯಬಾರದು.

ತಾಯಿಯನ್ನು ಕೇಳಿದ ಪ್ರಶ್ನೆಗೆ ಮಗ ಕೊಟ್ಟ ಉತ್ತರವನ್ನು ತಾಯಿಯ ಹೇಳಿಕೆಯೆಂದು ಬರೆಯಬಾರದು.

ನಾಟಿ ಔಷಧಿ ತೆಗೆದುಕೊಂಡೆ ಎಂದವರನ್ನು ಗದರಬಾರದು. ಗದರಿದರೆ ಉಳಿದದ್ದನ್ನೂ ಮುಚ್ಚಿಡುತ್ತಾರೆ. ಕಾಮಾಲೆಯವರಲ್ಲಿ ಯಾವ ಔಷಧಿ, ಎಷ್ಟು ದಿನ ಎಂಬುದರಿಂದಲೇ ಕಾರಣ ಸಿಗಬಹುದು.

ಎಚ್‌ಐವಿ ವಿಷಯ ಪಕ್ಕದ ಹಾಸಿಗೆಗೆ ಕೇಳಿಸಬಾರದು. ಗೋಪ್ಯತೆ 2017ರ ಎಚ್‌ಐವಿ ಕಾಯ್ದೆಯ ಪ್ರಕಾರವೂ ಕಡ್ಡಾಯ.

ಊಟದ ತಟ್ಟೆ ಮುಂದಿರುವಾಗ ಮಾತಾಡಿಸಬಾರದು. ಬೆಳಗಿನಿಂದ ಮೂವರು ಕೇಳಿ ಹೋದ ರೋಗಿಯ ಬಳಿಗೆ ನಾಲ್ಕನೆಯವರಾಗಿ ಹೋಗಬಾರದು, ಪರೀಕ್ಷೆ ನಾಳೆಯೇ ಇದ್ದರೂ.

ರೌಂಡ್ಸ್‌ನಲ್ಲಿ ನಾನು ಮೊದಲು ಕೇಳುವುದು ರೋಗಿಯ ಹೆಸರು, ಊರು, ಕಸುಬು. ಅದನ್ನು ಕೇಸ್ ಶೀಟ್ ನೋಡಿ ಹೇಳುವವರು ವಾಪಸ್ ಹೋಗಿ, ಕೂತು, ಮೊದಲಿಂದ ಕೇಳಿಕೊಂಡು ಬರಬೇಕು.