ಡಿಸ್ಕಸ್ ಮೀನಿನ ಮೊದಲ ತೊಟ್ಟಿ: ಗಡಸು ನೀರಿನ ಸೀಮೆಯ ವ್ಯಾಪಾರಿಗಳಿಗೊಂದು ಪಾಠ

ಅಲಂಕಾರಿಕ ಮೀನುಗಳ ಮಾರಾಟ ಇಂದು ಮಹಾನಗರಗಳಿಗಷ್ಟೇ ಸೀಮಿತವಾದ ವ್ಯವಹಾರವಲ್ಲ. ಚೆನ್ನೈನ ಕೊಳತ್ತೂರಿನಂತಹ ಉತ್ಪಾದನಾ ಕೇಂದ್ರಗಳಿಂದ ಹೊರಡುವ ಮೀನುಗಳು ಸಣ್ಣ ಪಟ್ಟಣಗಳ ಅಂಗಡಿಗಳನ್ನೂ ತಲುಪುತ್ತಿವೆ. ಬೆಳಗಾವಿ ಜಿಲ್ಲೆಯ ಮುರಗೋಡ, ಬೈಲಹೊಂಗಲ, ಸವದತ್ತಿ ಭಾಗದಲ್ಲಿ ಇಂತಹ ಅಂಗಡಿ ತೆರೆಯಬಯಸುವವರ ಕಣ್ಣು ಸಹಜವಾಗಿಯೇ ಡಿಸ್ಕಸ್ ಮೀನಿನ ಮೇಲೆ ಬೀಳುತ್ತದೆ. ತಟ್ಟೆಯಂತಹ ದುಂಡನೆಯ ದೇಹ, ಕಣ್ಸೆಳೆಯುವ ವರ್ಣ ಮತ್ತು ಉತ್ತಮ ಬೆಲೆ ಇದಕ್ಕೆ ಕಾರಣ. ಆದರೆ ಬೆಲೆ ಹೆಚ್ಚಿದ್ದಷ್ಟೂ ನಷ್ಟದ ಭಯವೂ ಹೆಚ್ಚು. ಸಿದ್ಧತೆಯಿಲ್ಲದೆ ತಂದ ಆರು ಮೀನುಗಳು ಒಂದೇ ವಾರದಲ್ಲಿ ಸತ್ತರೆ ಹೂಡಿದ ಬಂಡವಾಳದೊಡನೆ ಗಿರಾಕಿಯ ವಿಶ್ವಾಸವೂ ಹೋಗುತ್ತದೆ. ಆದ್ದರಿಂದ ಮೀನಿಗಿಂತ ಮೊದಲು ನೀರನ್ನು ಅರಿಯುವುದು ಅಗತ್ಯ.

ಮೀನಿನ ಮೂಲ

ಡಿಸ್ಕಸ್ ದಕ್ಷಿಣ ಅಮೆರಿಕದ ಅಮೆಜಾನ್ ನದೀಕಣಿವೆಯ ಮೀನು. ಆಸ್ಟ್ರಿಯದ ಮತ್ಸ್ಯತಜ್ಞ ಹೆಕೆಲ್ 1840ರಲ್ಲಿ ಇದನ್ನು ಸಿಂಫಿಸೊಡಾನ್ ಎಂಬ ಕುಲದ ಹೆಸರಿನಿಂದ ವರ್ಣಿಸಿದನು. ಪ್ರಾಯಕ್ಕೆ ಬಂದ ಮೀನು 15ರಿಂದ 20 ಸೆಂಟಿಮೀಟರ್ ಬೆಳೆಯುತ್ತದೆ. ತಂದೆ ತಾಯಿ ಮೀನುಗಳೆರಡೂ ತಮ್ಮ ಚರ್ಮದಿಂದ ಸ್ರವಿಸುವ ಲೋಳೆಯನ್ನು ಮರಿಗಳಿಗೆ ಉಣಿಸುವುದು ಇದರ ವೈಶಿಷ್ಟ್ಯ. ಇದರ ತವರಿನ ನೀರು ಬೆಚ್ಚಗಿನದು, ಮೃದುವಾದುದು ಮತ್ತು ತುಸು ಆಮ್ಲೀಯವಾದುದು. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಬಹುಪಾಲು ಮೀನುಗಳು ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದವು. ಕಾಡುತಳಿಗಿಂತ ಇವು ಹೆಚ್ಚು ಸಹಿಷ್ಣುಗಳು. ಹಾಗಿದ್ದರೂ ನೀರಿನ ಗುಣದಲ್ಲಿ ಆಗುವ ಹಠಾತ್ ಬದಲಾವಣೆಯನ್ನು ತಾಳಲಾರವು.

ನೀರಿನ ಲೆಕ್ಕ

ಎರೆಮಣ್ಣಿನ ಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು, ಕೆಲವೆಡೆ ಸವಳು. ಕುಡಿಯುವ ನೀರಿಗೆ ಭಾರತೀಯ ಮಾನಕವು ಒಪ್ಪುವ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದಾಗ 2000ದವರೆಗೆ ವಿನಾಯಿತಿಯುಂಟು. ಅಂದರೆ ಮನುಷ್ಯರು ಕುಡಿಯಬಹುದಾದ ನೀರೂ ಡಿಸ್ಕಸ್‌ಗೆ ಒಗ್ಗದಿರಬಹುದು. ಮೊದಲ ತೊಟ್ಟಿಗೆ 150ರಿಂದ 250 ಮಿಲಿಗ್ರಾಂ ಲವಣಾಂಶ ಮತ್ತು 6.5ರಿಂದ 7ರ ಆಸುಪಾಸಿನ ಪಿ.ಎಚ್. ಅನುಕೂಲಕರ.

ಇದನ್ನು ಸಾಧಿಸುವ ಸರಳ ಮಾರ್ಗವೆಂದರೆ ಆರ್.ಓ. ನೀರಿನ ಬೆರಕೆ. ಉದಾಹರಣೆಗೆ ಕೊಳವೆಬಾವಿಯ ನೀರಿನಲ್ಲಿ 900 ಹಾಗೂ ಆರ್.ಓ. ನೀರಿನಲ್ಲಿ 20 ಮಿಲಿಗ್ರಾಂ ಲವಣವಿದ್ದರೆ, ಒಂದು ಪಾಲು ಬಾವಿ ನೀರಿಗೆ ನಾಲ್ಕು ಪಾಲು ಆರ್.ಓ. ನೀರು ಸೇರಿಸಿದಾಗ ಮಿಶ್ರಣದ ಲವಣಾಂಶ 196 ಮಿಲಿಗ್ರಾಂ ಆಗುತ್ತದೆ. ಬರಿಯ ಆರ್.ಓ. ನೀರನ್ನೇ ತುಂಬುವುದು ತಪ್ಪು. ಲವಣವಿಲ್ಲದ ನೀರಿನಲ್ಲಿ ಪಿ.ಎಚ್. ಸ್ಥಿರವಾಗಿ ನಿಲ್ಲುವುದಿಲ್ಲ. ಗಡಸು ನೀರಿಗೆ ನೇರವಾಗಿ ಆಮ್ಲ ಸುರಿದು ಪಿ.ಎಚ್. ಇಳಿಸುವುದೂ ಅಪಾಯಕರ. ನೀರಿನಲ್ಲಿರುವ ಕಾರ್ಬೊನೇಟ್ ಅದನ್ನು ಮತ್ತೆ ಮೇಲಕ್ಕೆ ತರುತ್ತದೆ. ಈ ಏರಿಳಿತವೇ ಮೀನಿಗೆ ಮಾರಕ. ಲವಣಾಂಶ ಅಳೆಯುವ ಕೈಮಾಪಕ, ಪಿ.ಎಚ್. ಹಾಗೂ ಅಮೋನಿಯ ಪರೀಕ್ಷೆಯ ಸಾಮಗ್ರಿ ಇವು ತಕ್ಕಡಿಯಷ್ಟೇ ಅವಶ್ಯವಾದ ಉಪಕರಣಗಳು.

ತೊಟ್ಟಿ ಮತ್ತು ಸಲಕರಣೆ

ಡಿಸ್ಕಸ್ ಗುಂಪಿನಲ್ಲಿ ಬಾಳುವ ಮೀನು. ಎರಡು ಮೂರು ಮಾತ್ರ ಇದ್ದರೆ ಬಲವಾದದ್ದು ದುರ್ಬಲವಾದದ್ದನ್ನು ಮೂಲೆಗೊತ್ತಿ ಆಹಾರ ತಿನ್ನಗೊಡುವುದಿಲ್ಲ. ಆದ್ದರಿಂದ ಕನಿಷ್ಠ ಆರು ಮೀನುಗಳಿರಬೇಕು. ಇದಕ್ಕೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಆರಂಭಕ್ಕೆ ತಕ್ಕುದು. ಇದರಲ್ಲಿ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಗಾಜು, ಪೀಠ ಸೇರಿ ತೂಕ 300 ಕಿಲೋ ಮೀರುವುದರಿಂದ ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು. ಮೊದಲ ತೊಟ್ಟಿಯ ತಳದಲ್ಲಿ ಜಲ್ಲಿ ಹಾಸದಿದ್ದರೆ ಉಳಿದ ಆಹಾರ, ಮಲವನ್ನು ಹೀರಿ ತೆಗೆಯುವುದು ಸುಲಭ.

ಉಷ್ಣತೆ ಸದಾ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಈ ಸೀಮೆಯಲ್ಲಿ ಬೇಸಿಗೆಯಲ್ಲಿ ಚಿಂತೆಯಿಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳದ್ದೇ ಪರೀಕ್ಷೆ. 300 ವಾಟಿನ ಒಂದು ಹೀಟರಿಗಿಂತ 150 ವಾಟಿನ ಎರಡು ಲೇಸು. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಇವೆರಡೂ ದಿನಕ್ಕೆ 12 ತಾಸು ಉರಿದರೆ 3.6 ಯೂನಿಟ್, ತಿಂಗಳಿಗೆ 108 ಯೂನಿಟ್ ವಿದ್ಯುತ್ ಬೇಕು. ಈ ವೆಚ್ಚವನ್ನು ಮೀನಿನ ಬೆಲೆ ನಿಗದಿಪಡಿಸುವಾಗ ಮರೆಯಬಾರದು.

ವಿದ್ಯುತ್ ಕಡಿತವಾದಾಗ ಮೊದಲ ಆದ್ಯತೆ ಶಾಖಕ್ಕಲ್ಲ, ಗಾಳಿಗೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 250 ಲೀಟರ್ ನೀರು ನಿಧಾನವಾಗಿ ತಣಿಯುತ್ತದೆ, ಕಂಬಳಿ ಹೊದಿಸಿದರೆ ಇನ್ನೂ ನಿಧಾನ. ಆದರೆ ಗಾಳಿ ನಿಂತರೆ ಮೀನು ಬೇಗ ಬಳಲುತ್ತದೆ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಮತ್ತು ಅದರಿಂದಲೇ ಕೆಲಸ ಮಾಡುವ ಸ್ಪಂಜಿನ ಫಿಲ್ಟರ್ ಇರಲೇಬೇಕು.

ಮೀನಿಗಿಂತ ಮೊದಲು ಸೂಕ್ಷ್ಮಾಣು

ಹೊಸ ವ್ಯಾಪಾರಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮೀನಿನ ತ್ಯಾಜ್ಯದಿಂದ ವಿಷಕಾರಿ ಅಮೋನಿಯ ಉಂಟಾಗುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ, ಅನಂತರ ಅಷ್ಟೇನೂ ಹಾನಿಕರವಲ್ಲದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಈ ಸೂಕ್ಷ್ಮಾಣುಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ಕಾಲ ಮೀನಿಲ್ಲದೆ ಅಲ್ಪ ಪ್ರಮಾಣದ ಅಮೋನಿಯ ಹಾಕಿ ತೊಟ್ಟಿಯನ್ನು ನಡೆಸಬೇಕು. ಹಳೆಯ, ರೋಗರಹಿತ ತೊಟ್ಟಿಯ ಸ್ಪಂಜು ದೊರೆತರೆ ಈ ಅವಧಿ ಕಡಿಮೆಯಾಗುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ಅಲ್ಲಿಯೇ ನಿಂತ ಮೇಲೆ ಮಾತ್ರ ಮೀನು ತರಬೇಕು. ಅನಂತರ ವಾರಕ್ಕೆ ಎರಡು ಬಾರಿ ಕಾಲುಭಾಗ ನೀರನ್ನು, ಅದೇ ಬೆರಕೆಯ ಅದೇ ಶಾಖದ ನೀರಿನಿಂದ ಬದಲಿಸಬೇಕು.

ಜೊತೆಗಾರರ ಆಯ್ಕೆ

ಜೊತೆಗಾರ ಮೀನಿಗೆ ಮೂರು ಅರ್ಹತೆಗಳಿರಬೇಕು: 28 ಡಿಗ್ರಿಗೂ ಮೇಲ್ಪಟ್ಟ ಶಾಖವನ್ನು ತಾಳಬೇಕು, ಮೃದು ನೀರನ್ನು ಒಪ್ಪಬೇಕು, ಶಾಂತ ಸ್ವಭಾವದ್ದಾಗಿರಬೇಕು.

ಹೊಂದುವವು: ಕಾರ್ಡಿನಲ್ ಟೆಟ್ರಾ ಮತ್ತು ರಮ್ಮಿನೋಸ್ ಟೆಟ್ರಾ ಹತ್ತು ಹನ್ನೆರಡರ ಗುಂಪಿನಲ್ಲಿ, ತಳದಲ್ಲಿ ಬಿದ್ದ ಆಹಾರ ಆಯ್ದು ತಿನ್ನಲು ಸ್ಟರ್ಬಾಯ್ ಕೋರಿಡೋರಸ್, ಪಾಚಿ ತಿನ್ನಲು ಬ್ರಿಸ್ಲ್‌ನೋಸ್, ವರ್ಣಕ್ಕಾಗಿ ಒಂದು ಜೊತೆ ರಾಮಿರೆಜಿ. ಕಾರ್ಡಿನಲ್ ಮೀನುಗಳು ಪೂರ್ಣ ಬೆಳೆದಿರಲಿ. ತೀರ ಸಣ್ಣವು ಡಿಸ್ಕಸ್‌ಗೆ ಆಹಾರವಾದಾವು.

ಹೊಂದದವು: ಗೋಲ್ಡ್ ಫಿಶ್ ತಂಪು ನೀರಿನದು. ಗಪ್ಪಿ, ಮೊಲ್ಲಿಗಳು ಗಡಸು ನೀರನ್ನು ಬಯಸುತ್ತವೆ. ಟೈಗರ್ ಬಾರ್ಬ್ ರೆಕ್ಕೆ ಕಚ್ಚುತ್ತದೆ. ಆಸ್ಕರ್ ಆಕ್ರಮಣಕಾರಿ. ಸಾಮಾನ್ಯ ಪ್ಲೆಕೊ ದೊಡ್ಡದಾಗಿ ಬೆಳೆದು ಡಿಸ್ಕಸ್ ಮೈಯ ಲೋಳೆಯನ್ನು ಹೀರುವುದುಂಟು. ಏಂಜೆಲ್ ಮೀನು ಒಂದೇ ಬಂಧುವರ್ಗದ್ದಾದರೂ ಆಹಾರಕ್ಕೆ ಪೈಪೋಟಿ ನೀಡುವುದರಿಂದ ಮತ್ತು ಪರೋಪಜೀವಿಗಳನ್ನು ತರುವ ಸಂಭವವಿರುವುದರಿಂದ ಆರಂಭಿಕರಿಗೆ ಬೇಡ.

ಡಿಸ್ಕಸ್ ಆಗಲಿ, ಜೊತೆಗಾರರಾಗಲಿ, ಹೊಸದಾಗಿ ತಂದ ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲಿ ನಾಲ್ಕು ವಾರ ಇರಿಸಿ ಪರೀಕ್ಷಿಸಬೇಕು. ಮೈ ಕಪ್ಪಾಗುವುದು, ಬಿಳಿ ದಾರದಂತಹ ಮಲ, ಆಹಾರ ಉಗುಳುವುದು ರೋಗದ ಲಕ್ಷಣಗಳು. ಜೀವಂತ ಟ್ಯುಬಿಫೆಕ್ಸ್ ಹುಳುಗಳು ಸೋಂಕನ್ನು ತರಬಲ್ಲವಾದ್ದರಿಂದ ಉತ್ತಮ ಗುಣಮಟ್ಟದ ಒಣ ಆಹಾರ ಮತ್ತು ಶೀತಲೀಕರಿಸಿದ ಆಹಾರವೇ ಕ್ಷೇಮ.

ವ್ಯಾಪಾರದ ವಿವೇಕ

ಗಡಸು ನೀರು ಶಾಪವೇನಲ್ಲ. ಗಪ್ಪಿ, ಮೊಲ್ಲಿ, ಪ್ಲಾಟಿ ಹಾಗೂ ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್‌ಗಳು ಅದೇ ನೀರಿನಲ್ಲಿ ಬೆರಕೆಯ ಖರ್ಚಿಲ್ಲದೆ ಬೆಳೆಯುತ್ತವೆ. ಅಂಗಡಿಯ ನಿತ್ಯದ ವಹಿವಾಟನ್ನು ಇವುಗಳ ಮೇಲೆ ನಿಲ್ಲಿಸಿ, ಡಿಸ್ಕಸ್‌ಗೆ ಒಂದೇ ತೊಟ್ಟಿಯನ್ನು ಮೀಸಲಿಡುವುದು ಜಾಣತನ. ಅಲಂಕಾರಿಕ ಮೀನು ಸಾಕಣೆಯನ್ನು 2020ರಲ್ಲಿ ಆರಂಭಗೊಂಡ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಹಾಯಧನಕ್ಕೆ ಸೇರಿಸಲಾಗಿತ್ತು. ಸಾಕಣೆಗೆ ಇಳಿಯುವವರು ಸದ್ಯದ ನೆರವಿನ ವಿವರಗಳನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸುವುದು ಒಳಿತು.

ಗಿರಾಕಿಗೆ ಡಿಸ್ಕಸ್ ಮಾರುವ ಮುನ್ನ ಅವನ ಮನೆಯ ನೀರಿನ ಲವಣಾಂಶವನ್ನು ಅಳೆದು ಹೇಳುವ ಅಂಗಡಿಕಾರನು ಅಂದಿನ ಒಂದು ಮಾರಾಟವನ್ನು ಕಳೆದುಕೊಳ್ಳಬಹುದು. ಆದರೆ ಮೀನು ಸತ್ತಿತೆಂದು ಬೇಸತ್ತು ತೊಟ್ಟಿಯನ್ನೇ ಅಟ್ಟಕ್ಕೇರಿಸುವ ಗಿರಾಕಿ ಮತ್ತೆಂದೂ ಅಂಗಡಿಯ ಮೆಟ್ಟಿಲು ಹತ್ತಲಾರ. ತನ್ನ ನೀರಿಗೆ ಒಗ್ಗುವ ಮೀನನ್ನು ಕೊಂಡವನಾದರೋ ಆಹಾರಕ್ಕೆ, ಔಷಧಕ್ಕೆ, ಮುಂದೊಂದು ದಿನ ಡಿಸ್ಕಸ್‌ಗೂ ಅದೇ ಅಂಗಡಿಗೆ ಬರುತ್ತಾನೆ.